ಒಂದು ಬದು, ಎರಡು ಖಟ್ಲೆ

ಸಂಪಗಾಂವದ ಸುತ್ತಲಿನ ಎರೆ ಹೊಲಗಳಲ್ಲಿ ಬದು ಇಟ್ಟಲ್ಲೇ ಇರುವುದಿಲ್ಲ. ಎರೆಮಣ್ಣಿನ ಜೇಡಿ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲ ಬಿರಿದ ನೆಲ ಮುಂಗಾರಿನಲ್ಲಿ ಕೂಡಿಕೊಂಡು ಮೇಲೇಳುತ್ತದೆ. ಇಂಥ ಮಣ್ಣಿನಲ್ಲಿ ಹೂಳಿದ ಬಾಂದು ಕಲ್ಲು ವಾಲುತ್ತದೆ, ಕೆಲವೊಮ್ಮೆ ಮಣ್ಣೊಳಗೆ ಇಳಿದು ಮರೆಯಾಗುತ್ತದೆ. ಇದಕ್ಕೆ ಟ್ರ್ಯಾಕ್ಟರು ಸೇರಿದರೆ ಕೇಳುವುದೇ ಬೇಡ. ಹಂಗಾಮಿಗೊಮ್ಮೆ ನಾಲ್ಕು ಬೆರಳು ಒತ್ತಿ ಹೊಡೆದರೂ ಹತ್ತು ವರ್ಷಕ್ಕೆ ಎರಡಡಿ ಸರಿಯುತ್ತದೆ. ಆಮೇಲೊಂದು ದಿನ ಬಿತ್ತನೆಯ ಹೊತ್ತಿಗೆ ಮಾತಿಗೆ ಮಾತು ಬೆಳೆದು, ಕುಂಟೆಯ ಕಟ್ಟಿಗೆಯೋ ಸಲಿಕೆಯೋ ಕೈಗೆ ಬರುತ್ತದೆ.

ಇಂಥ ಒಂದು ಜಗಳವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಕ್ಕಪಕ್ಕದ ಇಬ್ಬರು ಹೊಲದವರು, ಒಬ್ಬನ ಮುಂಗೈ ಮೂಳೆ ಮುರಿದಿದೆ. ಸಂಜೆಯೊಳಗೆ ಪೊಲೀಸ್ ಠಾಣೆಯಲ್ಲಿ ದೂರು. ಕೆಲವು ವಾರಗಳಲ್ಲಿ ಬೈಲಹೊಂಗಲದ ಕೋರ್ಟಿನಲ್ಲಿ ಬದುವಿನ ಬಗ್ಗೆ ಒಂದು ದಾವೆ. ಜಗಳ ಒಂದೇ, ಖಟ್ಲೆ ಎರಡು. ನಮ್ಮ ಭಾಗದ ಕಟ್ಟೆಗಳಲ್ಲಿ ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ: ಹೊಡೆದಾಟದ ಕೇಸಿನಲ್ಲಿ ಖುಲಾಸೆಯಾದವನಿಗೆ ಹೊಲವೂ ದಕ್ಕಿತು ಎಂದು. ಹಾಗಿಲ್ಲ. ಒಂದರಲ್ಲಿ ಸೋತವನು ಇನ್ನೊಂದರಲ್ಲಿ ಗೆಲ್ಲಬಹುದು, ಎರಡೂ ತೀರ್ಪು ಸರಿಯೇ ಆಗಿರಬಹುದು. ಇದು ಹೇಗೆಂದು ಬಿಡಿಸಿ ನೋಡಿದರೆ ತಾಲ್ಲೂಕು ಕೋರ್ಟಿನ ಕೆಲಸದ ತಿರುಳೇ ಕೈಗೆ ಸಿಗುತ್ತದೆ.

ಕರ್ನಾಟಕದ ತಾಲ್ಲೂಕು ಕೋರ್ಟುಗಳಲ್ಲಿ ಸಾಮಾನ್ಯವಾಗಿ ಒಬ್ಬರೇ ಅಧಿಕಾರಿ ಸಿವಿಲ್ ನ್ಯಾಯಾಧೀಶರೂ ಹೌದು, ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರೂ (ಜೆಎಂಎಫ್‌ಸಿ) ಹೌದು. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಎಲ್ಲಿ ಹೋದರೂ ಬಾಗಿಲ ಮೇಲಿನ ಫಲಕದಲ್ಲಿ ಈ ಎರಡು ಹೆಸರು ಜೋಡಿಯಾಗಿ ಕಾಣುತ್ತವೆ. ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತು ಹೊಡೆದಾಟದ ಸಾಕ್ಷಿ ಕೇಳುವವರು ಮಧ್ಯಾಹ್ನ ಪಾಲು ವಾಟ್ನಿಯ ವಾದ ಕೇಳುತ್ತಾರೆ. ಕುರ್ಚಿ ಬದಲಾಗುವುದಿಲ್ಲ, ನಂಬಿಕೆಯ ಅಳತೆಗೋಲು ಮಾತ್ರ ಬದಲಾಗುತ್ತದೆ.

ಸಿವಿಲ್ ದಾವೆಯಲ್ಲಿ ನ್ಯಾಯಾಧೀಶರು ನೋಡುವುದು ಸಂಭವನೀಯತೆ ಯಾರ ಕಡೆ ಹೆಚ್ಚು ವಾಲುತ್ತದೆ ಎಂಬುದನ್ನು. ಇಬ್ಬರ ಹೇಳಿಕೆಯಲ್ಲಿ ಯಾವುದು ಹೆಚ್ಚು ನಿಜವಿರಬಹುದೋ ಅದರ ಪರ ತೀರ್ಪು. ಕ್ರಿಮಿನಲ್ ಪ್ರಕರಣದಲ್ಲಿ ಅಷ್ಟು ಸಾಲದು. ಆರೋಪಿಯೇ ತಪ್ಪು ಮಾಡಿದ್ದಾನೆ ಎಂಬುದರಲ್ಲಿ ಸಕಾರಣವಾದ ಸಂಶಯ ಉಳಿಯಬಾರದು. ಇದು ವಕೀಲರ ಮಾತಿನ ಅಲಂಕಾರವಲ್ಲ, ಇದರ ಹಿಂದೆ ಸರಳವಾದ ಗಣಿತವಿದೆ. ಎರಡಡಿ ಹೊಲ ತಪ್ಪಾಗಿ ಒಬ್ಬನಿಂದ ಇನ್ನೊಬ್ಬನಿಗೆ ಹೋದರೆ ಆಗುವ ಅನ್ಯಾಯ, ತಿರುಗಿ ಆ ಕಡೆಯಿಂದ ಈ ಕಡೆ ಬಂದರೂ ಅಷ್ಟೇ. ಎರಡೂ ಬಗೆಯ ತಪ್ಪಿಗೆ ಬೆಲೆ ಸಮನಾದಾಗ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನಂಬಿಕೆ ಬಂದರೆ ತೀರ್ಪು ಕೊಡುವುದೇ ಒಟ್ಟು ತಪ್ಪುಗಳನ್ನು ಕಡಿಮೆ ಮಾಡುವ ದಾರಿ. ಆದರೆ ನಿರಪರಾಧಿಯನ್ನು ಜೈಲಿಗೆ ಕಳಿಸುವುದೂ ಅಪರಾಧಿಯನ್ನು ಬಿಟ್ಟುಬಿಡುವುದೂ ಸಮನಾದ ತಪ್ಪುಗಳಲ್ಲ. ಮೊದಲನೆಯದು ಎರಡನೆಯದಕ್ಕಿಂತ ಒಂಬತ್ತು ಪಟ್ಟು ಕೆಟ್ಟದ್ದು ಎಂದು ಒಂದು ಸಮಾಜ ಎಣಿಸಿದರೆ, ಶಿಕ್ಷೆ ಕೊಡಲು ಬೇಕಾದ ನಂಬಿಕೆ ಹತ್ತರಲ್ಲಿ ಒಂಬತ್ತು ಪಾಲಿಗೆ, ಅಂದರೆ ಶೇ 90ಕ್ಕೆ ಏರುತ್ತದೆ. ನಮ್ಮ ಕಾನೂನು ಹೀಗೆ ಅಂಕಿ ಕಟ್ಟಿ ಹೇಳುವುದಿಲ್ಲ, ಹೇಳಬಾರದು ಕೂಡ. ಆದರೆ ಗಣಿತದ ದಿಕ್ಕು ಇದೇ.

ಆದ್ದರಿಂದಲೇ ಒಂದರ ತೀರ್ಮಾನ ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದನ್ನು ಸ್ಪಷ್ಟವಾಗಿ ಹೇಳಿತು. ನಮ್ಮ ಉದಾಹರಣೆಯಲ್ಲಿ ಮುಂಗೈ ಮುರಿದದ್ದು ಆರೋಪಿಯಿಂದಲೇ ಎಂಬುದಕ್ಕೆ ಶೇ 70ರಷ್ಟು ಮಾತ್ರ ನಂಬಿಕೆ ಬಂದರೆ ಮ್ಯಾಜಿಸ್ಟ್ರೇಟರು ಬಿಡುಗಡೆ ಮಾಡಲೇಬೇಕು. ಬದು ಸರಿಸಿದ್ದೂ ಇವನೇ ಎಂದು ಅಷ್ಟೇ ನಂಬಿಕೆ ಬಂದರೆ ಸಿವಿಲ್ ನ್ಯಾಯಾಧೀಶರು ಇವನ ವಿರುದ್ಧ ಡಿಕ್ರಿ ಕೊಡಲೇಬೇಕು.

ಮೊದಲು ಕ್ರಿಮಿನಲ್ ದಾರಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಎಂಬ ಮೂರು ಹೊಸ ಕಾಯ್ದೆಗಳು ಜಾರಿಯಲ್ಲಿವೆ. ಸೆಕ್ಷನ್ ನಂಬರು ಬದಲಾಗಿವೆ, ದಾರಿಯ ಮುಖ್ಯ ತಿರುವುಗಳು ಹಳೆಯವೇ. ಬರೀ ಗುದ್ದಿದ ನೋವಾದರೆ ಅದು ಅಸಂಜ್ಞೇಯ ಅಪರಾಧ; ಠಾಣೆಯಲ್ಲಿ ಎನ್‌ಸಿ ಮಾಡಿಕೊಳ್ಳುತ್ತಾರೆ, ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಮಾಡುವಂತಿಲ್ಲ. ಮೂಳೆ ಅಥವಾ ಹಲ್ಲು ಮುರಿದರೆ ಅದು ತೀವ್ರ ಗಾಯ, ಗರಿಷ್ಠ 7 ವರ್ಷದ ಅಪರಾಧ, ನೇರ ಎಫ್‌ಐಆರ್. ಮೂಳೆ ಮುರಿಯದಿದ್ದರೂ ಇಷ್ಟು ದಿನ ತೀವ್ರ ನೋವು ಉಂಡರೆ ತೀವ್ರ ಗಾಯ ಎಂಬ ಲೆಕ್ಕವೂ ಇದೆ. ಅದು ಮೊದಲು 20 ದಿನ ಇತ್ತು, ಈಗ 15. ಅಂದರೆ ಪ್ರಕರಣದ ತೂಕವನ್ನು ಮೊದಲು ತೂಗುವುದು ಕೋರ್ಟಲ್ಲ, ಸರ್ಕಾರಿ ಆಸ್ಪತ್ರೆಯ ವೈದ್ಯರು ಬರೆದ ಗಾಯದ ಸರ್ಟಿಫಿಕೇಟು ಮತ್ತು ಎಕ್ಸ್‌ರೇ. ಆ ಕಾಗದದಲ್ಲಿ ಗಾಯದ ಉದ್ದ, ಆಳ, ಎಷ್ಟು ಹೊತ್ತಿನ ಹಿಂದಿನದು, ಮೊಂಡು ವಸ್ತುವಿನದೋ ಹರಿತ ವಸ್ತುವಿನದೋ ಎಂಬುದೆಲ್ಲ ಇರಬೇಕು. ಗಡಿಬಿಡಿಯಲ್ಲಿ ಒಂದು ಸಾಲು ತಪ್ಪಿದರೆ ಮೂರು ವರ್ಷದ ನಂತರ ಪಾಟೀಸವಾಲಿನಲ್ಲಿ ಆ ಸಾಲೇ ದೊಡ್ಡ ತೂತಾಗುತ್ತದೆ.

ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು, ಪೊಲೀಸರು ತೋರುವ ಔದಾರ್ಯವಲ್ಲ. ಆರೋಪಿ ಬಂಧನದಲ್ಲಿದ್ದರೆ ಪೊಲೀಸರು 60 ದಿನ, ಹೆಚ್ಚು ಗಂಭೀರ ಅಪರಾಧವಾದರೆ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು, ಇಲ್ಲವಾದರೆ ಜಾಮೀನು ಅವನ ಹಕ್ಕಾಗುತ್ತದೆ. ಕೊಲೆ, ಕೊಲೆ ಯತ್ನದಂಥವನ್ನು ತಾಲ್ಲೂಕಿನ ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡುವುದಿಲ್ಲ, ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಉಳಿದವು ಇಲ್ಲೇ. ಜೆಎಂಎಫ್‌ಸಿ ಕೊಡಬಹುದಾದ ಶಿಕ್ಷೆ ಗರಿಷ್ಠ 3 ವರ್ಷ ಮತ್ತು 50 ಸಾವಿರ ರೂಪಾಯಿ ದಂಡ. ಹೊಸ ಕಾಯ್ದೆಯಲ್ಲಿ ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೂ ಸೇರಿದೆ. ಹೆಚ್ಚು ಶಿಕ್ಷೆ ಬೇಕೆನಿಸಿದರೆ ಕಡತವನ್ನು ಜಿಲ್ಲೆಯ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು.

ಪೆಟ್ಟು ತಿಂದವನಿಗೆ ಇಲ್ಲೊಂದು ಅಚ್ಚರಿ ಕಾದಿರುತ್ತದೆ. ಕೇಸು ಅವನದಲ್ಲ, ಸರ್ಕಾರದ್ದು. ನಡೆಸುವವರು ಸಹಾಯಕ ಸರ್ಕಾರಿ ಅಭಿಯೋಜಕರು. ಅವನು ಬರೀ ಸಾಕ್ಷಿ. ಜವಾನ ಹೊರಗೆ ಬಂದು ಹೆಸರು ಕೂಗಿದಾಗ ಒಳಗೆ ಹೋಗಿ ಕಟಕಟೆ ಹತ್ತಬೇಕು, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಬೇಕು. ಸರ್ಕಾರಿ ವಕೀಲರು ‘ಅವನು ಸಲಿಕೆಯಿಂದ ಹೊಡೆದದ್ದನ್ನು ನೋಡಿದ್ದೀರಲ್ಲ?’ ಎಂದರೆ ಎದುರು ವಕೀಲರು ತಟ್ಟನೆ ಎದ್ದು ಆಕ್ಷೇಪಿಸುತ್ತಾರೆ. ‘ಅವನ ಕೈಯಲ್ಲಿ ಏನಿತ್ತು?’ ಎಂದೇ ಕೇಳಬೇಕು. ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆಯನ್ನು ಮುಖ್ಯ ವಿಚಾರಣೆಯಲ್ಲಿ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಪಾಟೀಸವಾಲಿನಲ್ಲಿ ಒಪ್ಪುತ್ತದೆ.

1872ರ ಸಾಕ್ಷ್ಯ ಕಾಯ್ದೆಯಲ್ಲೇ ಇದ್ದ ಈ ನಿಯಮಕ್ಕೆ ಮನೋವಿಜ್ಞಾನದ ಬೆಂಬಲ ಸಿಕ್ಕಿದ್ದು ನೂರು ವರ್ಷದ ನಂತರ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರಗಳನ್ನು ತೋರಿಸಿ, ವೇಗ ಎಷ್ಟಿತ್ತೆಂದು ಕೇಳಿದರು. ಕಾರುಗಳು ‘ತಾಗಿದಾಗ’ ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ ಸುಮಾರು 32 ಮೈಲಿ ಎಂದರು. ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರು ಸುಮಾರು 41 ಎಂದರು. ಇನ್ನೊಂದು ಪ್ರಯೋಗದಲ್ಲಿ ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೂ ‘ಅಪ್ಪಳಿಸಿದ’ ಗುಂಪಿನ 50 ಜನರಲ್ಲಿ 16 ಮಂದಿ ಹೌದೆಂದರು, ‘ಡಿಕ್ಕಿ ಹೊಡೆದ’ ಗುಂಪಿನ 50ರಲ್ಲಿ 7 ಮಂದಿ. ಅವರಾರೂ ಸುಳ್ಳುಗಾರರಲ್ಲ. ಕೇಳಿದ ಪ್ರಶ್ನೆಯೇ ನೆನಪನ್ನು ತಿದ್ದಿಬಿಟ್ಟಿತ್ತು.

ನಮ್ಮ ಊರುಗಳಲ್ಲಿ ಒಂದು ಹೊಡೆದಾಟವಾದರೆ ಅದನ್ನು ಕಂಡವರು ನೂರು ಸಲ ಹೇಳುತ್ತಾರೆ, ಕೇಳಿದವರು ತಮ್ಮದೊಂದು ಮಾತು ಸೇರಿಸುತ್ತಾರೆ. ವಿಚಾರಣೆಯ ಹೊತ್ತಿಗೆ ಸಾಕ್ಷಿಗೆ ತಾನು ಕಂಡದ್ದು ಯಾವುದು, ಕಟ್ಟೆಯಲ್ಲಿ ಕೇಳಿದ್ದು ಯಾವುದು ಎಂದು ಬೇರ್ಪಡಿಸುವುದೇ ಆಗುವುದಿಲ್ಲ. ಪಾಟೀಸವಾಲಿನಲ್ಲಿ ಅವನು ತಡವರಿಸಿದರೆ ಊರವರು ‘ಸಾಕ್ಷಿ ಮಾರಿಕೊಂಡ’ ಎನ್ನುತ್ತಾರೆ. ಕೆಲವರು ಮಾರಿಕೊಂಡಿರಬಹುದು, ಆದರೆ ಬಹಳ ಸಲ ಕಾರಣ ಮನುಷ್ಯನ ಮಿದುಳು ಮತ್ತು ನಮ್ಮ ಕೋರ್ಟುಗಳ ತಡ. ಸಾಕ್ಷಿಯನ್ನು ಐದು ವರ್ಷ ಬಿಟ್ಟು ಕರೆಯುವುದೆಂದರೆ ಕೆಟ್ಟುಹೋದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ ಹಾಗೆ.

ಇನ್ನು ಸಿವಿಲ್ ದಾರಿ. ಇಲ್ಲಿ ಕೇಸು ವಾದಿಯದು, ಖರ್ಚೂ ಅವನದು, ರುಜುವಾತಿನ ಭಾರವೂ ಅವನ ಹೆಗಲಿಗೇ. ದಾವೆಯ ಕೊನೆಯಲ್ಲಿ ಜಮೀನಿನ ಷೆಡ್ಯೂಲು ಇರುತ್ತದೆ: ಸರ್ವೆ ನಂಬರು, ಹಿಸ್ಸೆ, ಎಕರೆ-ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ. ಸಮನ್ಸು ಜಾರಿಯಾದ ಮೇಲೆ ಪ್ರತಿವಾದಿ 30 ದಿನದಲ್ಲಿ, ಕಾರಣವಿದ್ದರೆ 90 ದಿನದವರೆಗೆ ತನ್ನ ಲಿಖಿತ ಹೇಳಿಕೆ ಕೊಡಬೇಕು. ಎರಡನ್ನೂ ಓದಿ ನ್ಯಾಯಾಧೀಶರು ವಾದಾಂಶಗಳನ್ನು ರಚಿಸುತ್ತಾರೆ. ಇದು ನನಗೆ ಇಡೀ ಪ್ರಕ್ರಿಯೆಯಲ್ಲೇ ಅತ್ಯಂತ ವೈಜ್ಞಾನಿಕವೆನಿಸುವ ಹೆಜ್ಜೆ. ಇಬ್ಬರೂ ಒಪ್ಪಿದ್ದನ್ನೆಲ್ಲ ಬದಿಗಿಟ್ಟು, ಒಬ್ಬ ಹೌದೆಂದು ಇನ್ನೊಬ್ಬ ಅಲ್ಲವೆಂದ ಮಾತುಗಳನ್ನಷ್ಟೇ ಪ್ರಶ್ನೆಯಾಗಿ ಬರೆಯುತ್ತಾರೆ. ಮುಂದಿನ ಸಾಕ್ಷಿ, ವಾದ, ತೀರ್ಪು ಎಲ್ಲ ಆ ನಾಲ್ಕೈದು ಪ್ರಶ್ನೆಗಳಿಗೆ ಬದ್ಧ. ಹಳೆಯ ವೈರ, ಮದುವೆಯಲ್ಲಿ ಆದ ಅವಮಾನ, ಚುನಾವಣೆಯ ಸಿಟ್ಟು ಅಲ್ಲಿಗೆ ಬರುವುದಿಲ್ಲ.

ಉತಾರದಲ್ಲಿ ಹೆಸರಿದೆ ಎಂದರೆ ಗೆದ್ದಂತೆ ಎಂದು ಹಲವರು ನಂಬಿದ್ದಾರೆ. ಉತಾರ ಕಂದಾಯದ ದಾಖಲೆ. ಬೇರೆಯದು ರುಜುವಾತಾಗುವವರೆಗೆ ಅದನ್ನು ನಿಜವೆಂದು ಭಾವಿಸಬೇಕೆಂದು 1964ರ ಭೂಕಂದಾಯ ಕಾಯ್ದೆ ಹೇಳುತ್ತದೆ, ಅಷ್ಟೇ. ಮಾಲೀಕತ್ವ ತೀರ್ಮಾನಿಸುವುದು ಸಿವಿಲ್ ಕೋರ್ಟು. ಉತಾರದ ಡೈರಿ ಬದಲಾವಣೆಯ ತಕರಾರು ತಹಶೀಲ್ದಾರರ ಹತ್ತಿರ, ಮೇಲ್ಮನವಿ ಬೈಲಹೊಂಗಲದ ಉಪವಿಭಾಗಾಧಿಕಾರಿ ಕಚೇರಿಯಲ್ಲಿ. ಅದು ಬೇರೆಯೇ ಬಾಗಿಲು, ಅಲ್ಲಿ ಅಲೆದು ವರ್ಷ ಕಳೆದವರು ಕಡೆಗೆ ಸಿವಿಲ್ ಕೋರ್ಟಿಗೇ ಬರುತ್ತಾರೆ.

ಬದುವಿನ ದಾವೆಯಲ್ಲಿ ಬಾಯಿಮಾತಿನ ಸಾಕ್ಷಿಗಿಂತ ಅಳತೆ ದೊಡ್ಡದು. ಕೋರ್ಟು ಒಬ್ಬ ಸರ್ವೇಯರನ್ನು ಕಮಿಷನರನ್ನಾಗಿ ನೇಮಿಸುತ್ತದೆ. ಅವರು ಎರಡೂ ಕಡೆಯವರಿಗೆ ನೋಟಿಸು ಕೊಟ್ಟು ಹೊಲಕ್ಕೆ ಬಂದು, ಹಳೆಯ ಟಿಪ್ಪಣಿ, ಪಕ್ಕಾ, ಆಕಾರಬಂದ್ ಎಂಬ ಸರ್ವೆ ದಾಖಲೆಗಳನ್ನು ತೆಗೆದು ಜಾಗಕ್ಕೆ ತಾಳೆ ಹಾಕುತ್ತಾರೆ. ಆ ಟಿಪ್ಪಣಿ ಬರೆದದ್ದು ಸರಪಳಿಯ ಕಾಲದಲ್ಲಿ. ಸರಪಳಿ 33 ಅಡಿ, ಅದರಲ್ಲಿ 16 ಆಣೆ. 33 ಅಡಿ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಒಂದು ಆಣೆಯ ಉದ್ದ ಎರಡಡಿ ಮುಕ್ಕಾಲು ಇಂಚು. ಈಗ ನಮ್ಮ ಜಗಳವನ್ನೇ ಅಳೆಯೋಣ. ಹತ್ತು ಸರಪಳಿ, ಅಂದರೆ 330 ಅಡಿ ಉದ್ದದ ಬದು ಎರಡಡಿ ಸರಿದರೆ 660 ಚದರಡಿ, ಅರ್ಧ ಗುಂಟೆಗಿಂತ ಸ್ವಲ್ಪ ಹೆಚ್ಚು. ಇಷ್ಟಕ್ಕೇ ಕೈ ಮುರಿದದ್ದು. ಆದರೆ ಎರಡಡಿ ಎಂಬುದು ಆ ಹಳೆಯ ಸರಪಳಿಯ ಒಂದು ಆಣೆಯಷ್ಟೇ. ಯಾವ ಉಪಕರಣವೂ ತನ್ನ ಕನಿಷ್ಠ ಅಳತೆಗಿಂತ ಸೂಕ್ಷ್ಮವಾದದ್ದನ್ನು ಹೇಳಲಾರದು. ಇಂದು ಸರ್ವೇಯರ ಕೈಯಲ್ಲಿರುವ ರೋವರ್ ಉಪಗ್ರಹಗಳ ಸಂಕೇತ ಹಿಡಿದು ಸೆಂಟಿಮೀಟರಿನ ಲೆಕ್ಕದಲ್ಲಿ ಬಿಂದು ಗುರುತಿಸುತ್ತದೆ, ಆದರೆ ತಾಳೆ ನೋಡಬೇಕಾದದ್ದು ಅಂದಿನ ಆಣೆಯ ಲೆಕ್ಕದ ನಕ್ಷೆಗೆ. ಹೊಸ ಯಂತ್ರ ಬಂದರೂ ಹಳೆಯ ನಕ್ಷೆಯ ಮಸುಕು ಹೋಗುವುದಿಲ್ಲ. ಒಂದಡಿಯೊಳಗಿನ ಬದುವಿನ ತಕರಾರುಗಳನ್ನು ಕೋರ್ಟಿಗೆ ತರುವ ಮುನ್ನ ಪ್ರತಿಯೊಬ್ಬ ರೈತನೂ ವಕೀಲನೂ ಇದನ್ನು ಯೋಚಿಸಬೇಕು.

ಇನ್ನೊಂದು ಮಾತು. ಒತ್ತುವರಿ ಆಗಿಹೋದ ಮೇಲೆ ಬರೀ ತಡೆಯಾಜ್ಞೆ ಕೇಳಿದರೆ ಪ್ರಯೋಜನವಿಲ್ಲ. ಕಬಜಾ ವಾಪಸು ಕೇಳಬೇಕು, ಅದಕ್ಕೆ 12 ವರ್ಷದ ಮಿತಿ ಇದೆ.

ಅಳತೆಗೋಲು ಹಿಡಿದವನು ಯಾವ ಕಡೆಗೂ ಸೇರದವನಾಗಿರಬೇಕು ಎಂಬುದರ ಬೆಲೆ ನಮ್ಮ ನಾಡಿಗೆ ಇತಿಹಾಸದಿಂದಲೇ ಗೊತ್ತಾಗಬೇಕು. 1824ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಎದ್ದ ಪ್ರಶ್ನೆ ಅಪ್ಪಟ ಸಿವಿಲ್ ಪ್ರಶ್ನೆ: ದತ್ತು ಸಿಂಧುವೇ? ಇಂದಾದರೆ ನ್ಯಾಯಾಧೀಶರು ಅದನ್ನು ಒಂದು ವಾದಾಂಶವಾಗಿ ಬರೆಯುತ್ತಿದ್ದರು, ದತ್ತು ಆಯಿತೆನ್ನುವವರು ರುಜುವಾತು ಮಾಡುತ್ತಿದ್ದರು, ಇನ್ನೊಂದು ಕಡೆಯವರು ಪಾಟೀಸವಾಲು ಮಾಡುತ್ತಿದ್ದರು. ಅಂದು ದತ್ತು ನಿಜವಾಗಿ ನಡೆಯಿತೇ ಎಂದು ಸಂಶಯಪಟ್ಟವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ದತ್ತು ಸಿಂಧುವಲ್ಲವಾದರೆ ಸಂಸ್ಥಾನ ಸೇರುವುದು ಅವನ ಕಂಪನಿಗೇ. ತನಿಖೆ ಅವನದೇ, ತೀರ್ಮಾನ ಅವನ ಕಂಪನಿಯದೇ, ಬೊಕ್ಕಸಕ್ಕೆ ಮುದ್ರೆ ಹಾಕಿಸಿದವನೂ ಅವನೇ. ವಾದಿಯೇ ನ್ಯಾಯಾಧೀಶನಾದ ಆ ಖಟ್ಲೆಯ ತೀರ್ಪನ್ನು ರಾಣಿ ಚೆನ್ನಮ್ಮ ಒಪ್ಪಲಿಲ್ಲ. ಅಕ್ಟೋಬರ್ 23ರ ಯುದ್ಧದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡರು. ಮುಂದೆ ಸಂಗೊಳ್ಳಿ ರಾಯಣ್ಣ ಬಂಡೆದ್ದಾಗ ಅವನ ಪಡೆ ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟಿತು. ಅವನ ಜಮೀನನ್ನು ಕಂಪನಿ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು ಎಂಬುದನ್ನು ನೆನೆದರೆ ಆ ಬೆಂಕಿಯ ಅರ್ಥ ತಿಳಿಯುತ್ತದೆ.

ಆಡಳಿತ ಮಾಡುವವನೇ ನ್ಯಾಯ ಹೇಳುವ ಪದ್ಧತಿ ಒಮ್ಮೆಗೇ ಹೋಗಲಿಲ್ಲ. ಬ್ರಿಟಿಷರ ಕಾಲದುದ್ದಕ್ಕೂ ಕಂದಾಯ ಅಧಿಕಾರಿಗಳು ಮ್ಯಾಜಿಸ್ಟ್ರೇಟರೂ ಆಗಿದ್ದರು. ರಾಮದುರ್ಗವಂತೂ 1948ರವರೆಗೆ ಸಂಸ್ಥಾನವೇ ಆಗಿತ್ತು. ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ 1951ರ ಕಾಯ್ದೆ ನ್ಯಾಯಾಂಗ ಮತ್ತು ಕಾರ್ಯಾಂಗದ ಕೆಲಸಗಳನ್ನು ಬೇರ್ಪಡಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ದೇಶಕ್ಕೆಲ್ಲ ನಿಯಮ ಮಾಡಿತು. ಇಂದು ಜಮೀನಿನ ಕಬಜಾದ ಜಗಳದಿಂದ ಶಾಂತಿ ಕೆಡುವ ಭಯವಿದ್ದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಯಾರ ಕಬಜಾ ಇದೆ ಎಂದಷ್ಟೇ ನೋಡಬಹುದು. ಹಕ್ಕು ಯಾರದು ಎಂದು ಅವರು ಹೇಳುವಂತಿಲ್ಲ.

ಇಷ್ಟು ಚೆನ್ನಾಗಿ ಕಟ್ಟಿದ ಯಂತ್ರ ಎಲ್ಲಿ ಕೆಡುತ್ತದೆ? ನನ್ನ ಅಭಿಪ್ರಾಯದಲ್ಲಿ ಯೋಚಿಸುವಲ್ಲಿ ಅಲ್ಲ, ಕಾಯುವಲ್ಲಿ. ಸಮನ್ಸು ಮುಟ್ಟಿಲ್ಲ, ಸರ್ವೇಯರ ವರದಿ ಬಂದಿಲ್ಲ, ವೈದ್ಯರಿಗೆ ವರ್ಗವಾಗಿದೆ, ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ. ಒಂದು ದಾವೆಯಲ್ಲಿ ಒಂದು ಕಡೆಯವರಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ತಾರೀಖಿನ ಮೇಲೆ ತಾರೀಖು ಪಡೆದವರಿಗೆ ಈ ನಿಯಮ ಇದೆಯೆಂಬುದೇ ಗೊತ್ತಿಲ್ಲ. ಪಾಲಿನ ದಾವೆಗಳಲ್ಲಿ ಕಷ್ಟ ಇನ್ನೂ ದೊಡ್ಡದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು; ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಗೊಂದಲ ಬಿಡಿಸಿತು. ಒಬ್ಬ ಅಕ್ಕ ಗೆದ್ದು ಪ್ರಾಥಮಿಕ ಡಿಕ್ರಿ ಪಡೆಯುತ್ತಾಳೆ ಎನ್ನಿ. ಅದರಲ್ಲಿ ಇರುವುದು ‘ಆರನೆಯ ಒಂದು ಪಾಲು’ ಎಂಬ ಭಿನ್ನರಾಶಿ ಮಾತ್ರ. ಆ ಭಿನ್ನರಾಶಿಯನ್ನು ನೆಲದ ಮೇಲೆ ಗೆರೆಯಾಗಿಸಲು ಅಂತಿಮ ಡಿಕ್ರಿ ಬೇಕು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಈಗ ಕೋರ್ಟೇ ತಹಶೀಲ್ದಾರ ದರ್ಜೆಗಿಂತ ಕೆಳಗಲ್ಲದ ಅಧಿಕಾರಿಯ ಅಥವಾ ಕಮಿಷನರರ ವರದಿ ತರಿಸಿ ಪಾಲು ಮಾಡುತ್ತದೆ. ಪ್ರಾಥಮಿಕ ಡಿಕ್ರಿಯಾದ ಮೇಲೆ ಕಡತ ಮುಚ್ಚದೆ ತಾವಾಗಿಯೇ ಮುಂದುವರಿಯಿರಿ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಕೆಳಗಿನ ನ್ಯಾಯಾಲಯಗಳಿಗೆ ಹೇಳಿತು. ಅಲ್ಲಿಯವರೆಗೆ ಅಕ್ಕನ ಕೈಯಲ್ಲಿರುವುದು ಗೆದ್ದ ಕಾಗದ, ಉಳುತ್ತಿರುವವನು ತಮ್ಮ. ಹೆಚ್ಚು ಸರ್ವೇಯರುಗಳನ್ನು ಕೊಟ್ಟರೆ ತಾಲ್ಲೂಕು ಕೋರ್ಟುಗಳ ಅರ್ಧ ಭಾರ ಇಳಿಯುತ್ತದೆ ಎಂದು ನಾನು ನಂಬುತ್ತೇನೆ.

ಇಷ್ಟು ಕಾಯಲಾಗದವರಿಗೆ ರಾಜಿಯ ದಾರಿಯೂ ಇದೆ. ಮೂಳೆ ಮುರಿದ ಪ್ರಕರಣವನ್ನೂ ಕೋರ್ಟಿನ ಅನುಮತಿಯಿಂದ ರಾಜಿ ಮಾಡಿಕೊಳ್ಳಬಹುದು. ಬದುವಿನ ದಾವೆಯನ್ನು ಲೋಕ ಅದಾಲತ್ತಿನಲ್ಲಿ ಮುಗಿಸಿಕೊಂಡರೆ ಆ ತೀರ್ಮಾನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ, ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ. ಆದರೆ ರಾಜಿಯ ಹೆಸರಿನಲ್ಲಿ ಅಕ್ಕತಂಗಿಯರಿಂದ ಹಕ್ಕುಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದೂ ನಡೆಯುತ್ತದೆ. ಓದಿಸಿ ಕೇಳದೆ ಯಾರೂ ಸಹಿ ಹಾಕಬೇಡಿ.

ನಿಮ್ಮ ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರನ್ನು ವಕೀಲರಿಂದ ಬರೆಸಿಕೊಳ್ಳಿ. ಮುಂದಿನ ತಾರೀಖು, ಹಿಂದಿನ ಆದೇಶ ಎಲ್ಲ ಮೊಬೈಲಿನಲ್ಲೇ ಸಿಗುತ್ತವೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಕ್ಕಳು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಅಲ್ಲಿಗೆ ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿ, ಆ ಕರೆಗೆ ದುಡ್ಡಿಲ್ಲ.